ಹೊಟ್ಟೆಯ ಮೇಲಿನ ಗಂಟು

ಕೇಳುಗರಿಗೆ ನಮಸ್ಕಾರ.

ಮುಂಬಯಿಯ ಮಾಟುಂಗಾದ ಒಂದು ಹೋಟೆಲಿನ ಗಲ್ಲೆಯಲ್ಲಿ ಕೂರುವ ನನ್ನ ಸೋದರಮಾವನಿಗೆ ಹನ್ನೆರಡು ವರ್ಷದಿಂದ ಸಕ್ಕರೆ ಕಾಯಿಲೆ, ಐದು ವರ್ಷದಿಂದ ಇನ್ಸುಲಿನ್. ಪಥ್ಯದಲ್ಲಿ ಬಲು ಕಟ್ಟುನಿಟ್ಟು. ಆದರೂ ಶುಗರ್ ಒಂದು ದಿನ 280, ಮರುದಿನ 90. ಇನ್ಸುಲಿನ್ ಡೋಸ್ ಏರುತ್ತಲೇ ಹೋಯಿತು.

ಕಳೆದ ಮಳೆಗಾಲ ಡೊಂಬಿವಲಿಯ ನಮ್ಮ ಮನೆಗೆ ಬಂದಿದ್ದರು. ನಾನು ನರ್ಸ್. ಅವರು ಚುಚ್ಚಿಕೊಳ್ಳುವುದನ್ನು ಅಂದೇ ಮೊದಲು ನೋಡಿದ್ದು. ಹೊಕ್ಕುಳಿನ ಬಲಕ್ಕೆ ನಿಂಬೆಹಣ್ಣಿನಷ್ಟು ಗಂಟು. ಸೂಜಿ ನೇರ ಅಲ್ಲಿಗೇ ಹೋಯಿತು.

"ಅಲ್ಲಿಗೇ ಯಾಕೆ ಮಾವ?"

"ಇಲ್ಲಿ ಚುಚ್ಚಿದ್ರೆ ನೋವೇ ಆಗುದಿಲ್ಲ ಮಾರಾಯ್ತಿ."

ಒಂದೇ ಜಾಗಕ್ಕೆ ದಿನವೂ ಚುಚ್ಚಿದರೆ ಚರ್ಮದಡಿಯ ಕೊಬ್ಬು ಉಬ್ಬಿ ಗಟ್ಟಿಯಾಗುತ್ತದೆ. ಅಲ್ಲಿ ನೋವು ಕಡಿಮೆ, ನಿಜ. ಆದರೆ ಅಲ್ಲಿಂದ ಇನ್ಸುಲಿನ್ ಒಂದು ದಿನ ನಿಧಾನವಾಗಿ, ಇನ್ನೊಂದು ದಿನ ಬೇಗ ರಕ್ತಕ್ಕೆ ಸೇರುತ್ತದೆ. ಪಥ್ಯ ತಪ್ಪಿದ್ದೀರಿ ಎಂದು ಮನೆಯವರೆಲ್ಲ ಮಾವನನ್ನು ಬೈದಿದ್ದೆವು. ಅವರ ಹೊಟ್ಟೆಯನ್ನು ಮಾತ್ರ ಐದು ವರ್ಷ ಯಾರೂ ಮುಟ್ಟಿ ನೋಡಿರಲಿಲ್ಲ. "ಹೇಗೆ ಚುಚ್ಚಿಕೊಳ್ಳುತ್ತೀರಿ, ತೋರಿಸಿ" ಎಂದು ನಾನೂ ಕೇಳಿರಲಿಲ್ಲ. ಅದು ನನ್ನನ್ನು ಇಂದಿಗೂ ಕಾಡುತ್ತದೆ. ಚೀಟಿ ಬರೆಯಲು ಐದು ನಿಮಿಷ ಸಾಕು, ಚುಚ್ಚುವುದನ್ನು ಕಲಿಸಲು ಅರ್ಧ ಗಂಟೆಯಾದರೂ ಬೇಕು. ಆ ಅರ್ಧ ಗಂಟೆಯನ್ನು ನೀವೇ ಕೇಳಿ ಪಡೆಯಿರಿ.

ಹೊಟ್ಟೆಯನ್ನು ನಾಲ್ಕು ಭಾಗ ಮಾಡಿಕೊಳ್ಳಿ. ವಾರಕ್ಕೊಂದು ಭಾಗ. ಹೊಕ್ಕುಳಿನ ಸುತ್ತ ಎರಡು ಬೆರಳಗಲ ಬಿಡಿ, ಹಿಂದಿನ ಸಲ ಚುಚ್ಚಿದಲ್ಲಿಂದ ಒಂದು ಬೆರಳು ಸರಿಯಿರಿ. ಪ್ರತಿ ಸಲ ಹೊಸ ಸೂಜಿ. ಸ್ನಾನ ಮಾಡುವಾಗ ಹೊಟ್ಟೆ, ತೊಡೆ ಸವರಿ ನೋಡಿ; ಗಂಟು ಸಿಕ್ಕಿದರೆ ಡಾಕ್ಟರಿಗೆ ತೋರಿಸಿ. ಗಂಟಿಗೇ ಚುಚ್ಚುತ್ತಿದ್ದವರು ನೀವೇ ಜಾಗ ಬದಲಾಯಿಸಿ ಹಳೆಯ ಡೋಸನ್ನೇ ಹಾಕಿಕೊಳ್ಳಬೇಡಿ. ಒಳ್ಳೆಯ ಜಾಗದಲ್ಲಿ ಅದೇ ಡೋಸ್ ಜೋರಾಗಿ ಕೆಲಸ ಮಾಡಿ ಶುಗರ್ ತೀರ ಇಳಿಯಬಹುದು. ಮಾವನಿಗೆ ಡಾಕ್ಟರು ಮೊದಲು ಡೋಸ್ ಇಳಿಸಿ, ಆಮೇಲೆ ಜಾಗ ಬದಲಿಸಿದರು.

ಹೋಟೆಲಿನವರಿಗೆ ಇನ್ನೊಂದು ಅಪಾಯವಿದೆ. ಬೆಳಿಗ್ಗೆ ಇನ್ಸುಲಿನ್ ತಗೊಂಡಾಗಿರುತ್ತದೆ, ಗಿರಾಕಿ ನುಗ್ಗುತ್ತಾರೆ, ತಿಂಡಿ ಹಿಂದೆ ಬೀಳುತ್ತದೆ. ಮೈ ಬೆವರಿ, ಕೈ ನಡುಗಿ, ಎದೆ ಡವಡವ ಅಂದರೆ ಶುಗರ್ ನೋಡಿ. 70ಕ್ಕಿಂತ ಕಡಿಮೆಯಿದ್ದರೆ, ಅಥವಾ ನೋಡಲು ಮೆಷಿನ್ ಇಲ್ಲದಿದ್ದರೆ, ಮೂರು ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕುಡಿಯಿರಿ. ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿ. ಏರಿರದಿದ್ದರೆ ಇನ್ನೊಮ್ಮೆ ಕುಡಿದು, ಏರಿದ ಮೇಲೆ ಏನಾದರೂ ತಿನ್ನಿ. ಎಚ್ಚರ ತಪ್ಪಿದವರ ಬಾಯಿಗೆ ಏನೂ ಹಾಕಬಾರದು, ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ಲೋಕಲ್ ರೈಲು ಹತ್ತುವವರು ಸಕ್ಕರೆ ಪೊಟ್ಟಣವನ್ನು ಅಂಗಿ ಜೇಬಿನಲ್ಲಿಡಿ. ಡೊಂಬಿವಲಿಯ ನೂಕುನುಗ್ಗಲಿನಲ್ಲಿ ಮೇಲಿಟ್ಟ ಚೀಲಕ್ಕೆ ಕೈ ಎಟಕುವುದಿಲ್ಲ.

ಮಾವನ ಗಂಟು ಈಗ ಮೆತ್ತಗಾಗಿದೆ. ಮೊನ್ನೆ ಫೋನ್ ಮಾಡಿದ್ದರು. "ನಮ್ಮ ಅಡುಗೆಯವರಲ್ಲಿ ಇಬ್ಬರು ಇನ್ಸುಲಿನ್ ತಗೊಳ್ತಾರೆ. ಹೊಟ್ಟೆ ಮುಟ್ಟಿ ನೋಡಿದೆ, ಒಬ್ಬನಿಗೆ ಗಂಟು ಉಂಟು. ನೀನೊಮ್ಮೆ ಬಾ." ಈ ಭಾನುವಾರ ಹೋಗುತ್ತಿದ್ದೇನೆ.

ನಮಸ್ಕಾರ.