ಕಾಗದ ಕಾರ್ಖಾನೆಯ ಕೆಸರು ಹಾಕಿದ ಹೊಲದಲ್ಲಿ ಬೆಳೆ ಯಾಕೆ ಹಳದಿಯಾಗುತ್ತೆ?

[ದೃಶ್ಯ: ಅಂಗೈ ಮೇಲೆ ಒದ್ದೆ ಬೂದು ಮುದ್ದೆ]

ನಮಸ್ಕಾರ. ಇದು ಕಾಗದ ಕಾರ್ಖಾನೆಯ ಕೆಸರು, ಅಂದ್ರೆ ಸ್ಲಡ್ಜ್. ಹಿಂಡಿದ ಮೇಲೂ ಇದರಲ್ಲಿ ಅರ್ಧಕ್ಕಿಂತ ಜಾಸ್ತಿ ನೀರೇ ಇರುತ್ತೆ. ಮಿಕ್ಕಿದ್ದು ಕಾಗದಕ್ಕೆ ಒದಗದ ಗಿಡ್ಡ ನಾರು, ಜೊತೆಗೆ ಕಾಗದಕ್ಕೆ ಬೆರೆಸೋ ಬಿಳಿ ಜೇಡಿ, ಸುಣ್ಣದ ಪುಡಿ.

ಮರಳು ಮಣ್ಣಿಗೆ ಹಾಕಿದ್ರೆ ಈ ನಾರು ತೇವ ಹಿಡಿದಿಡುತ್ತೆ. ಸುಣ್ಣ ಜಾಸ್ತಿ ಇದ್ರೆ ಹುಳಿ ಮಣ್ಣಿನ ಹುಳಿಯೂ ಇಳಿಯುತ್ತೆ. ಆದ್ರೆ ಹಾಕಿದ ಕೂಡಲೇ ಬಿತ್ತಿದ್ರೆ ಪೈರು ಹಳದಿಯಾಗಬಹುದು.

[ದೃಶ್ಯ: ತಕ್ಕಡಿ, ಒಂದು ಕಡೆ ಇಂಗಾಲ, ಇನ್ನೊಂದು ಕಡೆ ಸಾರಜನಕ]

ನಾರು ಅಂದ್ರೆ ಬಹುಪಾಲು ಇಂಗಾಲ. ಮಣ್ಣಿನ ಸೂಕ್ಷ್ಮಜೀವಿಗಳು ಅದನ್ನ ಕೊಳೆಸಬೇಕಂದ್ರೆ ಸುಮಾರು 25 ಪಾಲು ಇಂಗಾಲಕ್ಕೆ 1 ಪಾಲು ಸಾರಜನಕ ಬೇಕು. ಬರೀ ನಾರಿನ ಕೆಸರಲ್ಲಿ ಆ 1 ಪಾಲಿಗೆ ಇಂಗಾಲವೇ 100 ದಾಟಿರೋದು ಸಾಮಾನ್ಯ. ಕೊರತೆ ಬಿದ್ದ ಸಾರಜನಕವನ್ನ ಅವು ಮಣ್ಣಿಂದಲೇ ಎಳ್ಕೊಳ್ತವೆ. ಬೇರಿಗೆ ಸಿಗಬೇಕಾದ್ದು ಅವುಗಳ ಮೈ ಸೇರುತ್ತೆ. ಅವು ಸತ್ತು ಕೊಳೆತಾಗ ಅದು ಮೆಲ್ಲಗೆ ಮಣ್ಣಿಗೆ ವಾಪಸ್ ಬರುತ್ತೆ, ಆದ್ರೆ ಎಳೆ ಪೈರಿಗೆ ಅಲ್ಲೀವರೆಗೆ ಕಾಯೋಕಾಗಲ್ಲ; ಸಾರಜನಕ ಸಾಲದೆ ಎಲೆ ಹಳದಿಯಾಗುತ್ತೆ.

ಅದಕ್ಕೇ ಬಿತ್ತನೆಗೆ ತಿಂಗಳುಗಳ ಮೊದಲೇ ಹಾಕಬೇಕು. ಇಲ್ಲಾಂದ್ರೆ ಸಾರಜನಕ ಹೆಚ್ಚಿರೋ ಸಗಣಿ, ಕೋಳಿಗೊಬ್ಬರ ಬೆರೆಸಿ ಕಾಂಪೋಸ್ಟ್ ಮಾಡ್ಕೊಳ್ಳಿ. ನನ್ನ ಕೇಳಿದ್ರೆ ಕಾಂಪೋಸ್ಟೇ ವಾಸಿ. ಕಾರ್ಖಾನೆಯಲ್ಲಿ ಇನ್ನೊಂದು ಕೆಸರೂ ಸಿಗುತ್ತೆ. ಕೊಳಕು ನೀರನ್ನ ಸೂಕ್ಷ್ಮಜೀವಿಗಳಿಂದ ಶುದ್ಧ ಮಾಡಿಸುವಾಗ ಉಳಿಯೋದು. ಅದರಲ್ಲಿ ಸಾರಜನಕ, ರಂಜಕ ಚೆನ್ನಾಗಿರುತ್ತೆ. ಹಾಗಾಗಿ "ಯಾವ ಕೆಸರು?" ಅಂತ ಕೇಳದೆ ಲೋಡ್ ಇಳಿಸ್ಕೋಬೇಡಿ.

ಇನ್ನು ನನಗೆ ನಿಜಕ್ಕೂ ಭಯ ಹುಟ್ಟಿಸೋ ವಿಷಯ. ಹಿಂದೆ ಕ್ಲೋರಿನ್ ಅನಿಲದಿಂದ ಕಾಗದದ ತಿರುಳನ್ನ ಬಿಳಿ ಮಾಡ್ತಿದ್ದಾಗ ಕೆಸರಲ್ಲಿ ಡಯಾಕ್ಸಿನ್ ಅನ್ನೋ ವಿಷ ಉಳೀತಿತ್ತು. ಆ ವಿಧಾನ ಬಿಟ್ಟ ಕಡೆ ಅದು ತುಂಬಾ ಕಮ್ಮಿಯಾಗಿದೆ. ಆದ್ರೆ ಎಣ್ಣೆ ಹೀರದ ತಿಂಡಿ ಪೊಟ್ಟಣದ ಕಾಗದಕ್ಕೆ ಬಳಸ್ತಿದ್ದ ಪಿಎಫ್‌ಎಎಸ್ ರಾಸಾಯನಿಕಗಳು ಮಣ್ಣಲ್ಲಿ ಕೊಳೆತು ನಾಶವಾಗಲ್ಲ. ಮಣ್ಣಿಂದ ಮೇವಿಗೆ, ಮೇವಿಂದ ಹಾಲಿಗೆ ದಾಟ್ತವೆ. ಅಮೆರಿಕದ ಮೇನ್ ರಾಜ್ಯದಲ್ಲಿ ಕೆಸರು ಹರಡಿದ್ದ ಹೊಲಗಳಲ್ಲಿ ಇದು ಸಿಕ್ಕಿತು. 2022ರಲ್ಲಿ ಆ ರಾಜ್ಯ ಹೊಲಕ್ಕೆ ಕೆಸರು ಹಾಕೋದನ್ನೇ ನಿಷೇಧಿಸಿತು.

[ದೃಶ್ಯ: ಪ್ರಯೋಗಾಲಯದ ವರದಿ]

ಲಾರಿ ಬರೋ ಮೊದಲೇ ಪರೀಕ್ಷೆಯ ವರದಿ ಕೇಳಿ. ಇಂಗಾಲ-ಸಾರಜನಕದ ಪ್ರಮಾಣ, ಕ್ಯಾಡ್ಮಿಯಂ, ಸೀಸದಂಥ ವಿಷ ಲೋಹ, ಪಿಎಫ್‌ಎಎಸ್ ಇಷ್ಟೂ ಅದರಲ್ಲಿರಲಿ. ನಿಮ್ಮ ಮಣ್ಣನ್ನೂ ಪರೀಕ್ಷೆ ಮಾಡಿಸಿ. ಅದು ಮೊದಲೇ ಕ್ಷಾರದ್ದಾಗಿದ್ರೆ ಸುಣ್ಣದ ಕೆಸರು ಬೇಡವೇ ಬೇಡ.