ಗಂಟಲು ನೋವಿನ ಬೆನ್ನಿಗೇ ಮೂತ್ರದ ಬಣ್ಣ ಬದಲಾದರೆ

ಎಲ್ಲರಿಗೂ ನಮಸ್ಕಾರ. ಈ ಮಳೆಯಲ್ಲೂ ಇಷ್ಟು ಜನ ಬಂದಿದ್ದೀರಿ, ಖುಷಿಯಾಯಿತು.

ಕಿಡ್ನಿ ತೊಂದರೆ ಅಂದ ಕೂಡಲೇ ನಮಗೆ ನೆನಪಾಗುವುದು ಕಲ್ಲು, ಇಲ್ಲವೇ ಸಕ್ಕರೆ ಕಾಯಿಲೆ. ಇವತ್ತು ಹೇಳುವುದು ಬೇರೆಯದು. ಸಕ್ಕರೆ ಇಲ್ಲ, ಕುಡಿತ ಇಲ್ಲ, ವಯಸ್ಸೂ ಆಗಿಲ್ಲ, ಇಪ್ಪತ್ತು ಮೂವತ್ತರ ಗಟ್ಟಿಮುಟ್ಟಾದವರಿಗೇ ಜಾಸ್ತಿ ಬರುವ ಕಾಯಿಲೆ. ಹೆಸರು ಐಜಿಎ ನೆಫ್ರೋಪತಿ. 1968ರಲ್ಲಿ ಪ್ಯಾರಿಸ್‌ನ ಬರ್ಜರ್ ಎಂಬ ವೈದ್ಯರು ಸಹೋದ್ಯೋಗಿಯ ಜೊತೆ ಇದನ್ನು ಗುರುತಿಸಿದರು.

ಐಜಿಎ ಅನ್ನುವುದು ಗಂಟಲು, ಮೂಗು, ಕರುಳನ್ನು ಸೋಂಕಿನಿಂದ ಕಾಯುವ ಪ್ರತಿಕಾಯ. ಕೆಲವರಲ್ಲಿ ಅದರ ರಚನೆಯಲ್ಲೇ ಸಣ್ಣ ಕೊರತೆ ಇರುತ್ತದೆ. ದೇಹ ಅದನ್ನು ಹೊರಗಿನದು ಅಂದುಕೊಂಡು ಅದರ ವಿರುದ್ಧವೇ ಇನ್ನೊಂದು ಪ್ರತಿಕಾಯ ತಯಾರಿಸುತ್ತದೆ. ಎರಡೂ ಅಂಟಿಕೊಂಡು ಹೋಗಿ ಕಿಡ್ನಿ ರಕ್ತ ಸೋಸುವ ಜಾಗದಲ್ಲಿ ಕೂರುತ್ತವೆ. ಊತ ಬರುತ್ತದೆ, ವರ್ಷಗಟ್ಟಲೆ ಹೀಗೇ ಆದರೆ ಆ ಜಾಗ ಕಲೆಗಟ್ಟಿ ಕೆಲಸ ನಿಲ್ಲಿಸುತ್ತದೆ.

ಗೊತ್ತಾಗುವುದು ಹೇಗೆ? ಕೆಲವರಿಗೆ ಶೀತ, ಗಂಟಲು ನೋವು ಶುರುವಾದ ಒಂದೆರಡು ದಿನದಲ್ಲೇ ಮೂತ್ರ ನಮ್ಮ ಬೆಲ್ಲದ ಕಾಫಿಯ ಬಣ್ಣಕ್ಕೆ ತಿರುಗುತ್ತದೆ. ಸಾಮಾನ್ಯವಾಗಿ ಉರಿ ಇರುವುದಿಲ್ಲ. ಉಷ್ಣ ಆಗಿದೆ ಅಂತ ಮನೆಯಲ್ಲಿ ಬಾರ್ಲಿ ನೀರು ಕೊಡುತ್ತಾರೆ, ನಾಲ್ಕು ದಿನದಲ್ಲಿ ಮೂತ್ರ ತಾನಾಗೇ ತಿಳಿಯಾಗುತ್ತದೆ, ಹೆಸರು ಬಾರ್ಲಿಗೆ! ಉಳಿದವರಿಗೆ ಇಷ್ಟೂ ಕಾಣುವುದಿಲ್ಲ. ಮೂತ್ರದಲ್ಲಿ ನೊರೆ ಜಾಸ್ತಿ, ಬಿಪಿ ಸ್ವಲ್ಪ ಮೇಲೆ, ಅಷ್ಟೇ.

ಎಷ್ಟು ಜನರಿಗಿದೆ ಅಂತ ಕೇಳುತ್ತೀರಿ. ಬೇರೆ ಬೇರೆ ದೇಶಗಳ ಲೆಕ್ಕ ನೋಡಿದರೆ ವರ್ಷಕ್ಕೆ ಲಕ್ಷ ವಯಸ್ಕರಲ್ಲಿ ಸುಮಾರು 2.5 ಹೊಸ ರೋಗಿಗಳು. 2011ರ ಜನಗಣತಿಯಲ್ಲಿ ಕೊಡಗಿನವರು ಐದೂವರೆ ಲಕ್ಷ, ಮಕ್ಕಳನ್ನು ಬಿಟ್ಟು ಲೆಕ್ಕ ಹಾಕಿದರೆ ವರ್ಷಕ್ಕೆ ಹತ್ತು ಜನ ಅಂತಿಟ್ಟುಕೊಳ್ಳಿ. ಆದರೆ ಈ ಸಂಖ್ಯೆಯನ್ನು ನಾನು ಪೂರ್ತಿ ನಂಬುವುದಿಲ್ಲ, ಯಾಕೆಂದರೆ ಬಯಾಪ್ಸಿ, ಅಂದರೆ ಸೂಜಿಯಿಂದ ಕಿಡ್ನಿಯ ಸಣ್ಣ ಚೂರು ತೆಗೆದು ನೋಡುವ ಪರೀಕ್ಷೆ, ಮಾಡದೆ ಈ ಕಾಯಿಲೆ ಖಚಿತವಾಗುವುದಿಲ್ಲ, ಮಾಡಿದವರಷ್ಟೇ ಲೆಕ್ಕಕ್ಕೆ ಸಿಗುತ್ತಾರೆ. ಜಪಾನಿನಲ್ಲಿ 1970ರ ದಶಕದಿಂದ ಶಾಲಾ ಮಕ್ಕಳ ಮೂತ್ರ ಪರೀಕ್ಷೆ ಮಾಡುತ್ತಾರೆ, ಅಲ್ಲಿ ಜಾಸ್ತಿ ಸಿಗುವುದಕ್ಕೆ ವಂಶವಾಹಿಯ ಜೊತೆಗೆ ಈ ಹುಡುಕಾಟವೂ ಕಾರಣ. ನಮ್ಮಲ್ಲಿ? ಕಾಲು ಊದಿ, ಸುಸ್ತಾಗಿ, ಮೈಸೂರಿಗೋ ಮಂಗಳೂರಿಗೋ ಹೋಗುವ ಹೊತ್ತಿಗೆ ಕಿಡ್ನಿ ಕುಗ್ಗಿರುತ್ತದೆ. ಆಗ ಬಯಾಪ್ಸಿಯಿಂದ ಪ್ರಯೋಜನ ಕಡಿಮೆ, ಅಪಾಯ ಜಾಸ್ತಿ. ಫೈಲಿನಲ್ಲಿ 'ಕಾರಣ ತಿಳಿದಿಲ್ಲ' ಅಂತ ಬರೆಯುತ್ತಾರೆ. ಆ ಸಾಲಿನ ಹಿಂದೆ ಎಷ್ಟು ಐಜಿಎ ಅಡಗಿದೆಯೋ!

ನಮ್ಮ ಜಿಲ್ಲೆಗೆ ಇನ್ನೊಂದು ವಿಷಯ ಇದೆ. ಸೇನೆ ಸೇರಲು ಹೋದ ಹುಡುಗ ಮೂತ್ರದಲ್ಲಿ ರಕ್ತ, ಪ್ರೋಟೀನ್ ಇದೆ ಅಂತ 'ಅನ್‌ಫಿಟ್' ಆಗಿ ವಾಪಸ್ ಬರುತ್ತಾನೆ. ಮನೆಯಲ್ಲಿ ಬೇಸರ, ಆ ಕಾಗದ ಬೀರು ಸೇರುತ್ತದೆ. ಅಯ್ಯೋ, ಆ ಕಾಗದ ಹಿಡಿದುಕೊಂಡೇ ಅವನು ಡಾಕ್ಟರ್ ಹತ್ತಿರ ಹೋಗಬೇಕಿತ್ತು ಅಲ್ವಾ? ತೋಟದ ಲೈನ್‌ಮನೆಯ ಹೆಣ್ಣುಮಕ್ಕಳಿಗೆ ಆ ಪರೀಕ್ಷೆಯೂ ಇಲ್ಲ, ಬಸುರಿಯಾದಾಗ ಮಾಡಿಸಿದ್ದೇ ಮೊದಲು.

ಇದು ಸಣ್ಣ ಕಾಯಿಲೆ ಅಂತ ಮೊದಲು ವೈದ್ಯರೂ ಅಂದುಕೊಂಡಿದ್ದರು. 2023ರಲ್ಲಿ ಬ್ರಿಟನ್ನಿನ ದೊಡ್ಡ ಅಧ್ಯಯನವೊಂದು ಬಂತು. ಪ್ರೋಟೀನ್ ಸೋರುತ್ತಿದ್ದ ಅಥವಾ ಕಿಡ್ನಿ ಕೆಲಸ ಕುಗ್ಗಿದ್ದ ರೋಗಿಗಳಲ್ಲಿ ಅರ್ಧದಷ್ಟು ಜನರಿಗೆ ಸುಮಾರು 11 ವರ್ಷದಲ್ಲಿ ಕಿಡ್ನಿ ಕೈಕೊಟ್ಟಿತ್ತು, ಇಲ್ಲವೇ ಅವರು ತೀರಿಕೊಂಡಿದ್ದರು. ವೆಲ್ಲೂರಿನ ಅಧ್ಯಯನದಲ್ಲಿ ಮೂರೇ ವರ್ಷಕ್ಕೆ ಮೂವರಲ್ಲೊಬ್ಬರಿಗಿಂತ ಜಾಸ್ತಿ ಜನರಿಗೆ ಕಿಡ್ನಿ ಕೆಲಸ ಅರ್ಧಕ್ಕಿಳಿದಿತ್ತು, ನಿಂತಿತ್ತು, ಇಲ್ಲವೇ ಜೀವವೇ ಹೋಗಿತ್ತು. ನಮ್ಮವರಲ್ಲಿ ಇದರ ಓಟ ಜೋರು.

ಬಡವರಿಗೆ ಉಚಿತ ಡಯಾಲಿಸಿಸ್ ಕೊಡುವ ರಾಷ್ಟ್ರೀಯ ಯೋಜನೆ 2016ರಿಂದ ಇದೆ, ಒಳ್ಳೆಯದೇ. ಆದರೆ ಒಂದು ಸಲ ಕೂತರೆ ನಾಲ್ಕು ಗಂಟೆ, ವಾರಕ್ಕೆ ಎರಡು ಮೂರು ಸಲ, ಜೊತೆಗೊಬ್ಬರು ಬೇಕು. ಕಾಫಿ ಕುಯ್ಲಿನ ಸಮಯದಲ್ಲಿ ಇಬ್ಬರ ಕೂಲಿಯೂ ಹೋಯಿತು. ಅದನ್ನು ಯಾವ ಯೋಜನೆ ಕೊಡುತ್ತದೆ? ಕಿಡ್ನಿ ಕಸಿ ಮಾಡಿಸಿಕೊಂಡರೂ ಹೊಸ ಕಿಡ್ನಿಗೆ ಇದೇ ಕಾಯಿಲೆ ಮತ್ತೆ ಬರಬಹುದು.

ಬೇಗ ಸಿಕ್ಕರೆ ಮಾಡುವುದು ಬೇಕಾದಷ್ಟಿದೆ. ಟೆಲ್ಮಿಸಾರ್ಟನ್, ರಾಮಿಪ್ರಿಲ್‌ನಂಥ ಹಳೆಯ ಬಿಪಿ ಮಾತ್ರೆಗಳೇ ಪ್ರೋಟೀನ್ ಸೋರಿಕೆ ತಗ್ಗಿಸುತ್ತವೆ, ಬೆಲೆಯೂ ಕಡಿಮೆ. ಆದರೆ ಡಾಕ್ಟರ್ ಹೇಳದೆ ನುಂಗಬೇಡಿ, ಬಸುರಿಯರಂತೂ ಮುಟ್ಟಲೇಬಾರದು. ಈ ಕಾಯಿಲೆಗೆಂದೇ ತಯಾರಾದ ಬುಡೆಸೊನೈಡ್ ಕ್ಯಾಪ್ಸೂಲಿಗೆ 2021ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿತು. ಮನೆಯಲ್ಲಿ ಉಪ್ಪು ಇಳಿಸಿ. ಮಳೆಗಾಲದ ಒಣಮೀನು, ಹಂದಿ ಉಪ್ಪಿನಕಾಯಿ ಬಿಡುವುದು ಕಷ್ಟ, ಗೊತ್ತು, ಕಡಿಮೆಯಾದರೂ ಮಾಡಿ. ಸೊಂಟ ನೋವಿಗೆ ಅಂಗಡಿಯಿಂದ ಸುಮ್ನೆ ಮಾತ್ರೆ ತಂದು ನುಂಗುವುದನ್ನು ಮಾತ್ರ ಇವತ್ತೇ ನಿಲ್ಲಿಸಿ.

ಹೊರಗೆ ಮೇಜಿನ ಮೇಲೆ ಬಾಟಲಿ, ಪಟ್ಟಿ ಇಟ್ಟಿದ್ದೇವೆ. ಪಟ್ಟಿಯನ್ನು ಮೂತ್ರದಲ್ಲಿ ಅದ್ದಿ ತೆಗೆದರೆ ಒಂದು ನಿಮಿಷ ಸಾಕು. ಹಳದಿ ಚೌಕ ಹಸಿರಾದರೆ ಪ್ರೋಟೀನ್ ಇದೆ ಅಂತ. ಹಾಗಾದರೂ ಗಾಬರಿ ಬೇಡ, ಜ್ವರ ಬಂದಾಗಲೂ ಹೀಗಾಗುತ್ತದೆ, ಇನ್ನೊಮ್ಮೆ ನೋಡಬೇಕು. ಮುಟ್ಟಿನ ದಿನಗಳಲ್ಲಿರುವವರು ಇವತ್ತು ಕೊಡಬೇಡಿ, ಮುಂದಿನ ವಾರ ಬನ್ನಿ. ಈಗ ನಿಮ್ಮ ಪ್ರಶ್ನೆ ಕೇಳಿ.