ಹೂ ಬರೆದವಳು ಅಂತ ಸುಮ್ನೆ ಬದಿಗಿಡಬೇಡಿ

ನಮಸ್ಕಾರ. ಇವತ್ತು ಒಬ್ಬ ಡಚ್ ಚಿತ್ರಕಾರ್ತಿಯ ಪರವಾಗಿ ಮಾತಾಡಬೇಕು. ಹೆಸರು ರೇಚಲ್ ರಾಯ್ಶ್. ಹುಟ್ಟಿದ್ದು 1664ರಲ್ಲಿ ಹೇಗ್‌ನಲ್ಲಿ, ಬೆಳೆದಿದ್ದು ಆಮ್‌ಸ್ಟರ್‌ಡ್ಯಾಮ್‌ನಲ್ಲಿ. ಅವಳ ಮಾತು ಬಂದರೆ ಎಲ್ಲರೂ ಹೇಳುವುದು ಎರಡೇ. ಹತ್ತು ಮಕ್ಕಳ ತಾಯಿ, ಹೂ ಚೆನ್ನಾಗಿ ಬರೆಯುತ್ತಿದ್ದಳು. ಎರಡೂ ನಿಜವೇ. ಆದರೆ ಅವಳ ಕಣ್ಣು ಎಷ್ಟು ಚುರುಕು ಅನ್ನೋದು ಇದರಲ್ಲಿ ಎಲ್ಲಿ ಬಂತು?

1711ರಲ್ಲಿ ಅವಳು ಬರೆದ ಒಂದು ಚಿತ್ರ ಇಟಲಿಯ ಫ್ಲಾರೆನ್ಸ್‌ನ ಉಫೀಜಿ ಮ್ಯೂಸಿಯಂನಲ್ಲಿದೆ. ಮೊದಲು ಕಾಣುವುದು ದ್ರಾಕ್ಷಿ, ಪೀಚ್, ಧಾನ್ಯದ ತೆನೆ. ಕಣ್ಣಿಗೆ ಹಬ್ಬ. ಸ್ವಲ್ಪ ಹೊತ್ತು ನಿಂತು ನೋಡಿ. ಅಲ್ಲೇ ಒಂದು ಹಕ್ಕಿಗೂಡು, ಅದರಲ್ಲಿ ಮೊಟ್ಟೆ. ಆ ಮೊಟ್ಟೆಗೆ ಅಂತಲೇ ಬಂದಿದೆ ಒಂದು ಹಲ್ಲಿ. ಇದು ಗೋಡೆಯ ಅಲಂಕಾರಕ್ಕೆ ಬರೆದ ಚಿತ್ರ ಅಲ್ಲ. ಯಾರು ಯಾರನ್ನು ತಿಂದು ಬದುಕುತ್ತಾರೆ ಅಂತ ಹತ್ತಿರದಿಂದ ಕಂಡವಳ ಕೆಲಸ.

ಈ ಕಣ್ಣು ಬಂದಿದ್ದು ಮನೆಯಿಂದ. ಅಪ್ಪ ಫ್ರೆಡೆರಿಕ್ ರಾಯ್ಶ್ ಅಂಗರಚನೆ, ಸಸ್ಯಶಾಸ್ತ್ರ ಎರಡರಲ್ಲೂ ಹೆಸರಾದವನು. ಅವನು ಕೆಡದಂತೆ ಕಾಪಿಟ್ಟ ಜೀವಿಗಳ ಸಂಗ್ರಹವನ್ನು 1717ರಲ್ಲಿ ರಷ್ಯಾದ ದೊರೆ ಪೀಟರ್ ಕೊಂಡುಕೊಂಡ. ಅಂಥ ಮನೆಯ ಹುಡುಗಿ 15ನೇ ವಯಸ್ಸಿಗೇ ಚಿತ್ರಕಾರ ವಿಲ್ಲೆಮ್ ವಾನ್ ಆಲ್ಸ್ಟ್ ಬಳಿ ಕಲಿಯಲು ಸೇರಿದಳು. ಅವಳ ಹೂದಾನಿಗಳಲ್ಲಿ ಬೇರೆ ಬೇರೆ ಕಾಲದ ಹೂಗಳು ಒಟ್ಟಿಗೆ ಅರಳಿರುತ್ತವೆ. ನಿಜದಲ್ಲಿ ಅಂಥ ಗೊಂಚಲು ಯಾವ ಮೇಜಿನ ಮೇಲೂ ಇರಲಿಲ್ಲ. ಅದನ್ನು ಕಟ್ಟಿದ್ದು ಅವಳ ತಲೆಯಲ್ಲೇ. ಆದರೂ ಒಂದೊಂದು ಎಸಳೂ ನಂಬುವ ಹಾಗಿದೆ.

ಆ ಕಾಲಕ್ಕೆ ಅವಳನ್ನು ಯಾರೂ ಕಡೆಗಣಿಸಲಿಲ್ಲ. 1701ರಲ್ಲಿ ಹೇಗ್‌ನ ಕಲಾವಿದರ ಸಂಘ ಅವಳನ್ನು ಸೇರಿಸಿಕೊಂಡಿತು. ಅಲ್ಲಿ ಸದಸ್ಯೆಯಾದ ಮೊದಲ ಹೆಣ್ಣು ಅವಳೇ. 1708ರಿಂದ ಜರ್ಮನಿಯ ಡ್ಯೂಸೆಲ್‌ಡಾರ್ಫ್‌ನ ಅರಸ ಯೋಹಾನ್ ವಿಲ್ಹೆಲ್ಮ್‌ನ ಆಸ್ಥಾನ ಕಲಾವಿದೆ. ಕೆಲಸ ಮಾತ್ರ ಆಮ್‌ಸ್ಟರ್‌ಡ್ಯಾಮ್‌ನ ಮನೆಯಿಂದಲೇ! ಆ ಹಲ್ಲಿ ಇರುವ ಚಿತ್ರವನ್ನು ಅರಸ ತನ್ನ ಮಾವ, ಫ್ಲಾರೆನ್ಸ್‌ನ ದೊರೆ ಮೂರನೇ ಕೊಸಿಮೊಗೆ ಉಡುಗೊರೆ ಕೊಟ್ಟ. 1723ರಲ್ಲಿ ಮನೆಗೆ 75,000 ಗಿಲ್ಡರ್ ಲಾಟರಿ ಹೊಡೆಯಿತು. ಇನ್ನು ದುಡಿಯುವ ಅಗತ್ಯವೇ ಇರಲಿಲ್ಲ ಅಲ್ವಾ? ಚಿತ್ರಗಳು ಕಡಿಮೆಯಾದವು ನಿಜ, ಆದರೆ ಕುಂಚ ಬಿಡಲಿಲ್ಲ. ಕೊನೆಯ ವರ್ಷಗಳ ಚಿತ್ರದಲ್ಲಿ ಹೆಸರಿನ ಜೊತೆ ವಯಸ್ಸನ್ನೂ ಬರೆದಳು: 83.

ಹಾಗಿದ್ದ ಮೇಲೆ ಆಮೇಲಿನವರು ಅವಳನ್ನು ಮರೆತಿದ್ದು ಯಾಕೆ? 1667ರಲ್ಲೇ ಫ್ರಾನ್ಸ್‌ನಲ್ಲಿ ಕಲೆಯ ಬಗ್ಗೆ ಬರೆಯುತ್ತಿದ್ದ ಫೆಲಿಬಿಯೆನ್ ಚಿತ್ರಗಳಿಗೆ ಮೇಲುಕೀಳು ಕಟ್ಟಿದ್ದ. ಪುರಾಣ, ಚರಿತ್ರೆಯ ಚಿತ್ರ ಮೇಲೆ, ಹೂ ಹಣ್ಣು ತೀರಾ ಕೆಳಗೆ. ಹೆಣ್ಣುಮಕ್ಕಳಿಗೆ ಬೆತ್ತಲೆ ಮಾಡೆಲ್ ಎದುರು ಕೂತು ಕಲಿಯಲು ಬಿಡುತ್ತಿರಲಿಲ್ಲ. ಮನುಷ್ಯರ ಮೈ ಬರೆಯಲು ಕಲಿಯದೆ ಪುರಾಣ, ಚರಿತ್ರೆಯ ಚಿತ್ರ ಬರೆಯುವುದು ಹೇಗೆ? ದಾರಿ ಮುಚ್ಚಿದವರೇ ಉಳಿದ ದಾರಿಯನ್ನು ಕೀಳು ಅಂದರು. ನನಗೆ ಸಿಟ್ಟು ಬರುವುದು ಇಲ್ಲೇ. ಅವಳೊಬ್ಬಳಿಗೇ ಮೀಸಲಾದ ಮೊದಲ ದೊಡ್ಡ ಪ್ರದರ್ಶನ ಮ್ಯೂನಿಕ್‌ನಲ್ಲಿ ಶುರುವಾಗಿದ್ದು 2024ರಲ್ಲಿ. ಅವಳು ತೀರಿಕೊಂಡಿದ್ದು 1750ರಲ್ಲಿ! ಇನ್ನಾದರೂ ಮ್ಯೂಸಿಯಂಗಳು ಅವಳನ್ನು ಹೂವಿನ ಚಿತ್ರಗಳ ಮೂಲೆಯಿಂದ ಹೊರಗೆ ತಂದು, ರೆಂಬ್ರಾಂಟ್ ಇರುವ ಗೋಡೆಗೇ ತೂಗುಹಾಕಲಿ.